ಮೇಲಿನ ಸ್ವರಗಳಿಲ್ಲದ ಆಲ್ಬಮ್

ಶಸ್ತ್ರಚಿಕಿತ್ಸೆಯ ನಂತರ ನಮ್ಮ ಗಾಯಕಿ ಮತ್ತೆ ಮೈಕಿನ ಮುಂದೆ ನಿಂತದ್ದು ಒಂದು ಭಾನುವಾರ ಬೆಳಿಗ್ಗೆ, ಕುಮಟಾದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಮಾಳಿಗೆ ಕೋಣೆಯಲ್ಲಿ. ಮುರ್ಡೇಶ್ವರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಬಂದಿದ್ದಳು. ಕುತ್ತಿಗೆಯ ಗಾಯದ ಗೆರೆ ಕಾಣದಂತೆ ವೇಲು ಸುತ್ತಿಕೊಂಡಿದ್ದಳು. ನಾನು ಕಂಪ್ಯೂಟರಿನಲ್ಲಿ ಹಾಡು ತೆರೆದು ಅವಳ ಹೆಡ್‌ಫೋನಿಗೆ ತಾಳವನ್ನೂ ಸಿಂಥಸೈಜರನ್ನೂ ಸಣ್ಣಗೆ ಬಿಟ್ಟೆ. ಮೊದಲ ಸಾಲು ಬಂತು. ಸ್ವಲ್ಪ ಒರಟು, ನೆಗಡಿ ಬಿಟ್ಟ ಮೇಲಿನ ದನಿಯಂತೆ. ಪಲ್ಲವಿ ಮೇಲಕ್ಕೇರುವ ಜಾಗದಲ್ಲಿ ಅವಳ ಬಾಯಿ ತೆರೆಯಿತು, ಭುಜ ಏರಿತು, ಗಾಳಿ ಬಂತು, ಸ್ವರ ಬರಲಿಲ್ಲ. ಪರದೆಯ ಮೇಲೆ ಅವಳ ದನಿಯ ಗೆರೆ ಸಣ್ಣಗೆ ನಡುಗಿ ಮಲಗಿತು.

“ಇನ್ನೊಂದ್ ಸಲ ಹಾಕು,” ಅಂದಳು.

ಹಾಕಿದೆ. ಅಲ್ಲೇ ನಿಂತಿತು. ಮೂರನೆಯ ಸಲ ಅವಳು ಕೇಳಲಿಲ್ಲ, ನಾನೇ ಹಾಕಿದೆ. ಆಗ ಮೊದಲ ಸಾಲಿನ ದನಿಯೂ ಹೋಗಿತ್ತು. ಹೆಡ್‌ಫೋನು ತೆಗೆದು ಮೈಕಿನ ಕಂಬಕ್ಕೆ ನೇತುಹಾಕಿ, “ಇವತ್ತಿಗೆ ಆತು,” ಅಂದಳು. ಆ ಮಾತೂ ಪಿಸುಮಾತಾಗಿಯೇ ಬಂತು.

ನಮ್ಮದು ಮೂವರ ತಂಡ, ಇಬ್ಬರು ಹೆಂಗಸರು ಒಬ್ಬ ಗಂಡಸು. ಸಿಂಥಸೈಜರ್, ಅಂದರೆ ಬಗೆಬಗೆಯ ಸದ್ದು ಹುಟ್ಟಿಸುವ ಕೀಬೋರ್ಡು, ಮತ್ತು ಮುದ್ರಣದ ಕೆಲಸ ನನ್ನವು, ಹಾಡು ಅವಳದು, ಡ್ರಮ್ ಮಷೀನು ಹೊನ್ನಾವರದ ಗೆಳೆಯನದು. ಅವನನ್ನು ನಾವು ತಾಳದವನು ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಕರೆಯುತ್ತೇನೆ. ನಾವು ಮಾಡುತ್ತಿದ್ದುದು ಸಿಂಥ್‌ಪಾಪ್. ಗಿಟಾರಿಲ್ಲ, ತಬಲಾ ಇಲ್ಲ. ಯಂತ್ರದ ಕರಾರುವಾಕ್ಕು ತಾಳ, ಮಿರಿಮಿರಿ ಮಿಂಚುವ ಕೀಬೋರ್ಡು, ಅದರ ಮೇಲೆ ಹಾರುವ ಒಂದು ದನಿ. ಆ ದನಿಯೇ ನಮ್ಮ ಬಂಡವಾಳ. ಅವಳು ತಾರಸ್ಥಾಯಿಗೆ ಏರಿ ಅಲ್ಲೇ ನಿಂತು ಒಂದು ಶಬ್ದವನ್ನು ಎಳೆದರೆ, ನಾನು ಹಾಕಿದ ಅಷ್ಟೂ ಅಲಂಕಾರ ಅದರ ಕೆಳಗೆ ನೆಲಹಾಸಾಗುತ್ತಿತ್ತು. ಮೊದಲ ಎರಡು ಆಲ್ಬಮ್‌ಗಳನ್ನು ಜನ ಕೇಳಿದರು. ಮದುವೆಯ ವಿಡಿಯೋಗಳಿಗೆ, ಕಾಲೇಜಿನ ಕುಣಿತಗಳಿಗೆ ಹಾಕಿಕೊಂಡರು. ಮೂರನೆಯದಕ್ಕೆ ವಾದ್ಯಭಾಗವೆಲ್ಲ ಮುಗಿದು, ಹಾಡುವುದೊಂದು ಬಾಕಿ ಇರುವಾಗ ಅವಳ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಕಂಡಿತು.

ಗಡ್ಡೆ ತೆಗೆಯಲೇಬೇಕಿತ್ತು. ಸ್ವರತಂತುವನ್ನು ಬಿಗಿ ಮಾಡುವ ನೂಲಿನಂಥ ನರವೊಂದು ಅದರ ಪಕ್ಕದಲ್ಲೇ ಹಾದುಹೋಗಿರುತ್ತದೆ, ಅದಕ್ಕೆ ಪೆಟ್ಟಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಯಾರನ್ನೂ ದೂರುವ ಹಾಗಿರಲಿಲ್ಲ. ಮಾತಿಗೆ ತೊಂದರೆಯಿಲ್ಲ, ಎತ್ತರದ ಸ್ವರ ಮಾತ್ರ ಕಷ್ಟ, ನರ ತಾನಾಗಿ ಚೇತರಿಸಿಕೊಂಡರೆ ಬರಬಹುದು, ಕಾಯಿರಿ ಅಂದರು. ಅವಳು ಭಟ್ಕಳದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ. ಮಾತು ಉಳಿದರೆ ಕೆಲಸ ಉಳಿಯುತ್ತದೆ, ಅದು ದೊಡ್ಡದು ಎಂದು ಅವಳ ಮನೆಯವರು ಸಮಾಧಾನ ಪಟ್ಟರು. ನಾವೂ ಪಟ್ಟೆವು.

ಆದರೆ ಆಲ್ಬಮ್ ಕಾಯುವ ಹಾಗಿರಲಿಲ್ಲ. ಅದನ್ನು ಬಿಡುಗಡೆ ಮಾಡುವ ಬೆಂಗಳೂರಿನ ಸಂಸ್ಥೆಯವರು ಒಮ್ಮೆ ಮುಂದೂಡಿದ್ದರು, ಇನ್ನೊಮ್ಮೆ ಆಗದು ಅಂದರು. ಹೀಗಾಗಿ ಪ್ರತಿ ಭಾನುವಾರ ಅವಳು ಬಂದಳು. ಪ್ರತಿ ಭಾನುವಾರ ನಾವು ಒಂದೊಂದು ಉಪಾಯ ಮಾಡಿದೆವು.

ಮೊದಲನೆಯದು ತುಂಡು ತುಂಡಾಗಿ ಹಾಡಿಸುವುದು. ಒಂದು ಶಬ್ದ, ವಿಶ್ರಾಂತಿ, ಬಿಸಿನೀರು, ಇನ್ನೊಂದು ಶಬ್ದ. ಆಮೇಲೆ ನಾನು ಕೂತು ಜೋಡಿಸುವುದು. ಜೋಡಿಸಿ ಕೇಳಿದರೆ ಅಕ್ಷರಗಳು ಇದ್ದವು, ಉಸಿರು ಇರಲಿಲ್ಲ. ಬಸ್‌ ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಎರಡನೆಯದು ಕೆಳಗಿನ ಶ್ರುತಿಯಲ್ಲಿ ಹಾಡಿಸಿ ಕಂಪ್ಯೂಟರಿನಲ್ಲಿ ಮೇಲಕ್ಕೆ ಎತ್ತುವುದು. ಸ್ವಲ್ಪ ಎತ್ತಿದರೆ ಸಹಿಸಬಹುದಿತ್ತು, ನಮಗೆ ಬೇಕಾದಷ್ಟು ಎತ್ತಿದರೆ ಮಕ್ಕಳ ಕಾರ್ಟೂನಿನ ದನಿ. ಅದನ್ನು ಸರಿಮಾಡುವ ತಂತ್ರಾಂಶಗಳಿವೆ, ಹಾಕಿ ನೋಡಿದೆ. ಅವು ಸ್ವರ ಯಾವುದು, ಗೊರಗೊರ ಯಾವುದು ಎಂದು ಬೇರೆ ಮಾಡಲಾಗದೆ ತಗಡು ಬಡಿದ ಹಾಗೆ ಮಾಡಿದವು. ಮೈಕಿಗೆ ತೀರ ಹತ್ತಿರ ನಿಲ್ಲಿಸಿದೆ. ದನಿ ದೊಡ್ಡದಾಯಿತು, ಅದರ ಜೊತೆಗೆ ಗಾಳಿಯೂ ದೊಡ್ಡದಾಯಿತು. ಇವೆಲ್ಲವನ್ನೂ ಅವಳು ಎದುರಿಗೇ ಕೂತು ಕೇಳುತ್ತಿದ್ದಳು. ಒಂದು ದಿನ ನಾನು ಧ್ವನಿವರ್ಧಕ ಆಫ್ ಮಾಡಿ ಹೆಡ್‌ಫೋನಿನಲ್ಲಿ ಕೆಲಸ ಮಾಡಲು ಹೊರಟಾಗ, “ಅಡಗ್ಸೂದೆಂತಕ್ಕೆ? ನಂಗೂ ಗೊತ್ತಾಗ್ಬೇಕಲ್ಲ,” ಅಂದಳು.

ಕೆಳಗಿನ ಮನೆಯಲ್ಲಿ ಕೊಂಕಣಿ ಮಾತಾಡುವ ಮಾಲಕಿ ಇದ್ದರು. ಮೆಟ್ಟಿಲ ಬಳಿ ಸಿಕ್ಕಾಗ, “ಎಂತ, ಈಗೀಗ ಹಾಡೇ ಕೇಳೂದಿಲ್ಲ? ಬರೀ ಒಂದೇ ಶಬ್ದ ನೂರ್ ಸಲ?” ಎಂದು ಕೇಳಿದರು. ಕೆಲಸ ನಡೀತಾ ಇದೆ ಎಂದೆ.

ತಾಳದವನು ಈ ಭಾನುವಾರಗಳಿಗೆ ಬರುವುದನ್ನು ಕಡಿಮೆ ಮಾಡಿದ್ದ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು, ಪರೀಕ್ಷೆಯ ಕೆಲಸವಿರಬೇಕು ಎಂದುಕೊಂಡಿದ್ದೆ. ಅವನು ಬೇರೆಯೇ ಒಂದು ಕೆಲಸ ಮಾಡುತ್ತಿದ್ದ. ಮೊದಲ ಎರಡು ಆಲ್ಬಮ್‌ಗಳ ಮೂಲ ಮುದ್ರಣದಲ್ಲಿ ಅವಳ ದನಿ ವಾದ್ಯಗಳಿಂದ ಬೇರೆಯಾಗಿ, ಬರಿದಾಗಿ ನಮ್ಮಲ್ಲಿತ್ತು. ಅಷ್ಟನ್ನೂ ಕಂಪ್ಯೂಟರಿಗೆ ಕಲಿಸಿ ಅವಳ ದನಿಯ ಪ್ರತಿರೂಪ ಮಾಡಿದ್ದ. ತಾನೇ ಹೊಸ ಹಾಡನ್ನು ತನ್ನ ಗಂಡುದನಿಯಲ್ಲಿ ಹಾಡಿ ಅದಕ್ಕೆ ಕೊಟ್ಟರೆ ಅವಳ ದನಿಯಲ್ಲಿ ಹೊರಗೆ ಬರುತ್ತಿತ್ತು. ಹೊನ್ನಾವರಕ್ಕೆ ಕರೆಸಿ ನನಗೆ ಕೇಳಿಸಿದ. ಪಲ್ಲವಿ ಏರಿತು. ಏರಿ ನಿಂತಿತು. ಅವಳು ಶಬ್ದದ ಕೊನೆಯಲ್ಲಿ ಸಣ್ಣಗೆ ಕೊಡುತ್ತಿದ್ದ ತಿರುವು ಕೂಡ ಹಾಗೇ ಬಂತು. ನನ್ನ ಕಣ್ಣು ತುಂಬಿತು. ಅದು ಖುಷಿಯೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಮ್ಮಿಬ್ಬರದೂ ತೋಟದ ಊರುಗಳ ಒಂದೇ ಮನೆಮಾತು. “ಅವಳು ಒಪ್ಪದಿದ್ರೆ ಇದು ಇಲ್ಲೆ,” ಎಂದ ಅವನು. “ಒಪ್ಪಿದ್ರೆ ಮುಂದಿನ ವಾರವೇ ಆಲ್ಬಮ್ ಇದ್ದು.”

ಸಂಸ್ಥೆಯವರಿಗೂ ಒಂದು ತುಣುಕು ಕೇಳಿಸಿದ್ದನಂತೆ. ಅವರು ಅವಳ ಸಹಿಯೊಂದು ಸಾಕು ಅಂದಿದ್ದರು.

ಮುರ್ಡೇಶ್ವರದ ಹತ್ತಿರ ಕಾಯ್ಕಿಣಿಯಲ್ಲಿರುವ ಅವಳ ಮನೆಗೆ ನಾವಿಬ್ಬರೂ ಹೋದದ್ದು ಮಧ್ಯಾಹ್ನದ ಹೊತ್ತಿಗೆ. ಚಾವಡಿಯಲ್ಲಿ ಅವಳು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ತಾಳದವನು ವಿಷಯ ಮುಚ್ಚಿಡಲಿಲ್ಲ. ಏನು ಮಾಡಿದ್ದಾನೆ, ಹೇಗೆ ಮಾಡಿದ್ದಾನೆ, ಎಲ್ಲವನ್ನೂ ಹೇಳಿ, “ನೀ ಬೇಡ ಅಂದ್ರೆ ಬೇಡ. ಒಂದ್ಸಲ ಕೇಳು,” ಎಂದು ಸಣ್ಣ ಸ್ಪೀಕರನ್ನು ಮೇಜಿನ ಮೇಲಿಟ್ಟ. ಅವಳು ಪೆನ್ನಿನ ಮುಚ್ಚಳ ಹಾಕಿ ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಪಲ್ಲವಿ ಏರಿ ನಿಂತ ಹೊತ್ತಿಗೆ ಹಿತ್ತಿಲ ಕಡೆಯಿಂದ ಅವಳ ತಾಯಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಮೀನು ಕೊಯ್ಯುತ್ತಿದ್ದರೆಂದು ಕಾಣುತ್ತದೆ, ಕೈಯನ್ನು ಸೀರೆಗೆ ತಾಗದಂತೆ ದೂರ ಹಿಡಿದುಕೊಂಡಿದ್ದರು.

“ಸ್ವರ ಬಂತಾ ಮಗಾ?”

ತಾಳದವನು ಕೈ ಚಾಚಿ ನಿಲ್ಲಿಸಿದ.

“ಇಲ್ಲ ಅಮ್ಮ,” ಅಂದಳು ಅವಳು, ತನ್ನ ಈಗಿನ ದನಿಯಲ್ಲಿ. “ಅದು ಮಷೀನು. ನನ್ನ ಹಳೇ ದನಿ ಇಟ್ಕಂಡು ಮಾಡಿದ್ದು.”

ತಾಯಿಗೆ ಅರ್ಥವಾಯಿತೋ ಇಲ್ಲವೋ. ಸ್ವಲ್ಪ ಹೊತ್ತು ಸ್ಪೀಕರನ್ನೇ ನೋಡಿದರು. “ಮಷೀನಾದ್ರೆ ಎಂತ, ನಿಂದೇ ಅಲ್ದಾ? ಇನ್ನೊಂದ್ ಸಲ ಹಾಕು ಕಾಂಬ,” ಎಂದು ಹೊಸ್ತಿಲ ಮೇಲೆ ಕೂತರು.

ತಾಳದವನು ಅವಳ ಮುಖ ನೋಡಿದ. ಅವಳು ಹಾಕು ಎನ್ನುವ ಹಾಗೆ ತಲೆಯಾಡಿಸಿದಳು. ತಾಯಿ ಪೂರ್ತಿ ಹಾಡು ಕೇಳಿದರು. ಕೊನೆಯಲ್ಲಿ ಮೊಣಕೈಯಿಂದ ಕಣ್ಣೊರೆಸಿಕೊಂಡು, ಊಟ ಮಾಡಿಯೇ ಹೋಗಬೇಕೆಂದು ನಮಗೆ ಹೇಳಿ ಒಳಗೆ ಹೋದರು.

ಊಟವಾದ ಮೇಲೆ ಅವಳು ನಮ್ಮನ್ನು ಗೇಟಿನವರೆಗೆ ಕಳಿಸಲು ಬಂದಳು. “ಬಹಳ ಚೆಂದ ಆಗಿದೆ,” ಅಂದಳು. ನಿಜವಾಗಿಯೇ ಅಂದಳು. “ನಾ ಸತ್ತಿದ್ರೆ ನೀವು ಇದ್ನ ಹಾಕ್ಬಹುದಿತ್ತು. ನಾ ಈಗ್ಲೂ ಇದ್ದೆ. ದಿನಾ ಈ ಮನೇಲಿ ಇದೇ ದನೀಲಿ ಮಾತಾಡ್ತೆ. ಅಮ್ಮ ಆ ಮಷೀನನ್ನ ಕೇಳಿ ಕೇಳಿ, ನಾ ಕರೆದ್ರೆ ತಿರುಗಿ ನೋಡ್ದೆ ಹೋಗೂ ಹಾಗೆ ಆಗೂದು ಬೇಡ.”

“ಜನಕ್ಕೆ ಗೊತ್ತಾಗೂದಿಲ್ಲ,” ಎಂದ ತಾಳದವನು.

“ಅದಕ್ಕೇ ಬೇಡ ಅಂದೆ. ಅಳ್ಸಿಬಿಡು.”

ಅವನು ಅಲ್ಲೇ, ಗೇಟಿನ ಕಂಬದ ಮೇಲೆ ಲ್ಯಾಪ್‌ಟಾಪು ಇಟ್ಟು ಅಳಿಸಿದ. ಬೇರೆ ಪ್ರತಿ ಇಲ್ಲ ಅಂದ, ನಾವು ನಂಬಿದೆವು, ನಂಬಿದ್ದು ತಪ್ಪಾಗಲಿಲ್ಲ. ಕಾರಿನಲ್ಲಿ ಹೊನ್ನಾವರಕ್ಕೆ ವಾಪಸು ಬಂದೆವು. ಇಳಿಯುವಾಗ ಕೇಳಿದ: “ಈಗೆಂತ ಮಾಡ್ತೆ?”

ಏನು ಮಾಡಬೇಕೆಂದು ಆ ದಾರಿಯಲ್ಲೇ ನನಗೆ ಗೊತ್ತಾಗಿತ್ತು. ಅವಳ ದನಿಯನ್ನು ಹಾಡಿಗೆ ಹೊಂದಿಸುವ ಬದಲು ಹಾಡನ್ನು ಅವಳ ದನಿಗೆ ಹೊಂದಿಸಬೇಕು. ಅಷ್ಟು ಸರಳ, ಅಷ್ಟು ಕ್ರೂರ. ಏಕೆಂದರೆ ಮುಗಿದಿದ್ದ ವಾದ್ಯಭಾಗವೆಲ್ಲ ಎಸೆಯಬೇಕಿತ್ತು, ಅವನ ತಾಳವೂ ಸೇರಿ. ಅವಳಿಗೀಗ ಉಳಿದಿದ್ದು ಮಂದ್ರದ ಕೆಲವೇ ಸ್ವರಗಳು. ಅವೂ ಯಂತ್ರದ ಓಟಕ್ಕೆ ಸಿಗುತ್ತಿರಲಿಲ್ಲ. ಉಸಿರು ಯಾವಾಗ ಸಾಲುತ್ತದೆ, ಯಾವಾಗ ಸಾಲದು ಎಂದು ಅವಳಿಗೇ ಮುಂಚೆ ತಿಳಿಯುತ್ತಿರಲಿಲ್ಲ. ತಾಳ ಅವಳಿಗೆ ಕಾಯಬೇಕಿತ್ತು. ಕಾಯುವ ತಾಳವನ್ನು ಡ್ರಮ್ ಮಷೀನು ಕೊಡಲಾರದು.

ಹೇಳಿದೆ. ಅವನು ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದ. “ಅಂದ್ರೆ ಆನು ಬೇಡ ಹೇಳಿ ಆತು,” ಎಂದ. ನೀನು ಬೇಡ ಎಂದಲ್ಲ ಎಂದೆ. ಬೇರೆ ಏನಾದರೂ ನುಡಿಸು, ನಿಧಾನದ್ದು, ಕೈಯಲ್ಲಿ ಬಡಿಯುವುದು ಎಂದೆ. ಅವನು ಆಗದೆಂದು ತಲೆಯಾಡಿಸಿದ. “ಯಂಗೆ ಅದು ಬತ್ತಿಲ್ಲೆ. ಯಂಗೆ ಬಪ್ಪುದು ಇದೊಂದೇ. ಸುಮ್ಮನೆ ಹೆಸರಿಗೆ ಬಂದು ಕೂತ್ಕಂಬುಲೆ ಮನಸಿಲ್ಲೆ.” ಸಿಟ್ಟಿರಲಿಲ್ಲ. ಆ ಮೇಲೆ ಅವನು ಕುಮಟಾದ ಕೋಣೆಗೆ ಬಂದದ್ದು ಒಂದೇ ಸಲ, ತನ್ನ ಯಂತ್ರಗಳನ್ನು ಒಯ್ಯಲು. ಕೇಬಲ್ಲುಗಳನ್ನು ಒಂದೊಂದಾಗಿ ಸುತ್ತಿ, ನನ್ನವು ಯಾವುದು ತನ್ನವು ಯಾವುದು ಎಂದು ಬೇರೆ ಮಾಡಿಟ್ಟು ಹೋದ.

ಸಂಸ್ಥೆಯವರನ್ನು ಗೋಗರೆದು ಇನ್ನು ಕೆಲವು ತಿಂಗಳು ಪಡೆದೆ. ಹೊಸ ಕೆಲಸ ಶುರುವಾದದ್ದು ಅವಳನ್ನು ಒಂಟಿಯಾಗಿ ಹಾಡಿಸುವುದರಿಂದ. ತಾಳವಿಲ್ಲ, ಶ್ರುತಿಯ ಒಂದೇ ಸ್ವರ ಮಾತ್ರ. ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ನಿಲುಗಡೆ. ಅದನ್ನು ಮುದ್ರಿಸಿಕೊಂಡ ಮೇಲೆ ನಾನು ಕೀಬೋರ್ಡಿನಲ್ಲಿ ಹಿಂಬಾಲಿಸಬೇಕು. ಇದು ಹೇಳಲು ಸುಲಭ. ನನ್ನ ಕೈ ವರ್ಷಗಳಿಂದ ಯಂತ್ರದ ತಾಳಕ್ಕೆ ಒಗ್ಗಿದ್ದು, ಪ್ರತಿ ಸಲವೂ ಅವಳಿಗಿಂತ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳ ಉಸಿರೆಳೆಯುವ ಸದ್ದನ್ನೇ ಕೇಳಿ, ಅದು ಮುಗಿದ ಮೇಲೆ ಬೆರಳು ಇಡಲು ಅಭ್ಯಾಸ ಮಾಡಿದೆ. ಮೊದಲೆಲ್ಲ ಆ ಉಸಿರಿನ ಸದ್ದುಗಳನ್ನು ಕತ್ತರಿಸಿ ತೆಗೆಯುವುದೇ ನನ್ನ ಕೆಲಸವಾಗಿತ್ತು.

ನನ್ನ ಮಿಂಚುವ ಸ್ವರಗಳನ್ನೆಲ್ಲ ತೆಗೆದೆ. ಸಿಂಥಸೈಜರಿನಲ್ಲಿ ಫಿಲ್ಟರ್ ಎಂಬ ಒಂದು ಗುಂಡಿಯಿದೆ, ಅದನ್ನು ತಿರುಗಿಸುತ್ತಾ ಹೋದರೆ ಸದ್ದಿನ ಹೊಳಪು ಇಳಿಯುತ್ತಾ ಕಂಬಳಿ ಹೊದಿಸಿದ ಹಾಗಾಗುತ್ತದೆ. ಅದನ್ನು ಪೂರ್ತಿ ಮುಚ್ಚುವ ಮಟ್ಟಕ್ಕೆ ತಂದಿಟ್ಟೆ. ಆದರೂ ದನಿಗೂ ವಾದ್ಯಕ್ಕೂ ಘರ್ಷಣೆ. ಅವಳು ಈಗ ಹಾಡುತ್ತಿದ್ದುದು ನನ್ನ ಎಡಗೈ ಇರುವ ಜಾಗದಲ್ಲಿ. ಎಡಗೈಯನ್ನು ಇನ್ನೂ ಕೆಳಗಿಳಿಸಿದರೆ ಬರೀ ಗುಂಯ್‌ಗುಟ್ಟುವಿಕೆ, ಮೇಲೆತ್ತಿದರೆ ಅವಳು ಬಿಟ್ಟುಹೋದ ಜಾಗದಲ್ಲಿ ನಾನು ಹೋಗಿ ಕೂತಂತೆ. ಎಡಗೈ ಬಿಟ್ಟೆ. ಹಾಡುಗಳು ಬಡವಾದವು. ಅವಕ್ಕೆ ಏನಾದರೂ ಜೊತೆ ಬೇಕೆಂದು ಕುಮಟಾದ ಪಕ್ಕದ ಬಾಡ ಎಂಬ ಊರಿನ ಕಡಲದಂಡೆಗೆ ಹೋಗಿ ಅಲೆಯ ಸದ್ದು ಮುದ್ರಿಸಿದೆ. ತಂದು ಕೇಳಿದರೆ ಮೈಕಿಗೆ ಬಡಿದ ಗಾಳಿ, ಒಂದು ದೋಣಿಯ ಎಂಜಿನ್ನು. ಹಾಕಿ ನೋಡಿದೆ. ಅವಳು, “ಇದೆಂತಕ್ಕೆ? ನನ್ನ ದನೀಲಿ ಇದ್ದ ಗಾಳಿ ಕಡಿಮೆ ಬಿತ್ತಾ?” ಅಂದಳು. ಆ ತಿಂಗಳುಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ ಎಂದು ನೆನಪು. ತೆಗೆದುಹಾಕಿದೆ.

ಅಂತೂ ಆಲ್ಬಮ್ ಮುಗಿಯಿತು. ಒಳ್ಳೆಯದಾಗಿತ್ತು ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಅದನ್ನು ಮಾಡಿದ ಕಷ್ಟ ಗೊತ್ತಿರುವವಳ ನಂಬಿಕೆ ಅದು, ತೂಕಕ್ಕೆ ಬರುವುದಿಲ್ಲ. ಸಂಸ್ಥೆಯ ಹುಡುಗಿ ನನಗೆ ಫೋನು ಮಾಡಿ, “ಮೇಡಂ, ಇದರಲ್ಲಿ ನೀವೇ ಇಲ್ಲವಲ್ಲ,” ಅಂದಳು. ಒಪ್ಪಂದದಂತೆ ಬಿಡುಗಡೆ ಮಾಡಿದರು, ಪ್ರಚಾರ ಮಾಡಲಿಲ್ಲ. ಕೇಳಿದ ಕೆಲವರು ಆನ್‌ಲೈನಿನಲ್ಲಿ ಹಾಡುಗಳ ಕೆಳಗೆ ಬರೆದದ್ದನ್ನು ನಾನು ಓದಿದೆ, ಅವಳೂ ಓದಿದಳು. ನಿಧಾನ ಎಂದರು, ನಿದ್ದೆ ಬರುತ್ತದೆ ಎಂದರು. ಅದನ್ನು ತಡೆದುಕೊಳ್ಳಬಹುದಿತ್ತು. ಹೆಚ್ಚಿನವರು ಕೇಳಿದ್ದು ಬೇರೆ: ಮೊದಲಿನ ಗಾಯಕಿಯನ್ನು ಯಾಕೆ ಬಿಟ್ಟಿರಿ? ಈ ಹೊಸಬಳು ಬೇಡ, ಅವಳನ್ನೇ ಕರೆತನ್ನಿ.

ಅದಕ್ಕೆ ಉತ್ತರ ಬರೆಯಲು ನಾನು ಹೊರಟಾಗ ಅವಳೇ ತಡೆದಳು. “ಎಂತ ಬರೀತೆ? ಕಾಯಿಲೆ ಇತ್ತು ಹೇಳಿ ಬರ್ದ್ರೆ ಪಾಪ ಅಂತಾರೆ. ಪಾಪ ಅನ್ಸ್ಕಂಬೂಕೆ ಹಾಡಿದ್ದಲ್ಲ.”

ಹೊನ್ನಾವರದ ಸಭಾಭವನವೊಂದರಲ್ಲಿ ಕಾರ್ಯಕ್ರಮ ಮೊದಲೇ ಗೊತ್ತಾಗಿತ್ತು. ರದ್ದು ಮಾಡೋಣ ಅಂದೆ, ಅವಳು ಬೇಡ ಅಂದಳು. ಒಂದು ಸಲವಾದರೂ ಜನರ ಮುಂದೆ ಹಾಡಬೇಕು ಎಂಬ ಹಟ. ಅಷ್ಟರಲ್ಲಿ ವೈದ್ಯರು ಗಂಟಲಿಗೆ ಕ್ಯಾಮೆರಾ ಇಳಿಸಿ ಇನ್ನೊಮ್ಮೆ ನೋಡಿದ್ದರು. ನರ ಚೇತರಿಸಿಕೊಳ್ಳುವುದಾದರೆ ಇಷ್ಟರಲ್ಲಿ ಆಗಬೇಕಿತ್ತು ಅಂದಿದ್ದರು. ಇದನ್ನು ಅವಳು ನನಗೆ ಹೇಳಿದ್ದು ಕಾರ್ಯಕ್ರಮದ ದಿನ ಮಧ್ಯಾಹ್ನ, ಸೌಂಡ್ ಪರೀಕ್ಷೆ ಮಾಡುತ್ತಿರುವಾಗ. ಹೇಳಿ, ತನ್ನ ದನಿ ತನಗೆ ಕೇಳಿಸಲು ಕಾಲ ಬಳಿ ಇಟ್ಟಿದ್ದ ಸ್ಪೀಕರು ತೋರಿಸಿ, “ಮಾನಿಟರ್ ಸ್ವಲ್ಪ ಜಾಸ್ತಿ ಮಾಡೂಕೆ ಹೇಳು,” ಅಂದಳು.

ಸಂಜೆ ಬೆಳಕಿರುವಾಗಲೇ ಶುರುವಾಯಿತು. ಅರ್ಧ ಸಭಾಂಗಣ ತುಂಬಿತ್ತು, ಹೆಚ್ಚಿನವರು ಕಾಲೇಜಿನವರು, ಕುಣಿಯಲು ಬಂದವರು. ಮೊದಲ ಹಾಡಿಗೆ ಮರ್ಯಾದೆಯಿಂದ ಸುಮ್ಮನಿದ್ದರು. ಎರಡನೆಯದರ ನಡುವೆ ಕುರ್ಚಿ ಸರಿಯುವ ಸದ್ದು. ಯಾರೋ ಹಿಂದಿನಿಂದ ಮೊದಲ ಆಲ್ಬಮ್ಮಿನ ಹಾಡೊಂದರ ಹೆಸರು ಕೂಗಿದರು, ಬೇರೆಯವರೂ ಸೇರಿಕೊಂಡರು. ಕೆಟ್ಟ ಮನಸ್ಸಿನಿಂದ ಕೂಗಲಿಲ್ಲ. ಅವರಿಗೆ ಆ ಹಾಡು ಇಷ್ಟ, ಅಷ್ಟೇ. ಅವಳು ಮೂರನೆಯದನ್ನು ಹಾಡಿದಳು. ಕೋಣೆಯಲ್ಲಿ ನಾವು ಅವಳ ದನಿಗೆ ದಿನಗಟ್ಟಲೆ ವಿಶ್ರಾಂತಿ ಕೊಟ್ಟು ಒಂದೊಂದು ಹಾಡು ಮಾಡಿದ್ದೆವು. ಇಲ್ಲಿ ಸಾಲಾಗಿ ಹಾಡಬೇಕಿತ್ತು. ನಾಲ್ಕನೆಯ ಹಾಡಿನ ಎರಡನೆಯ ಚರಣದಲ್ಲಿ ದನಿ ಹೋಯಿತು. ಮೇಲಿನ ಸ್ವರವಲ್ಲ, ಇದ್ದ ಕೆಳಗಿನದ್ದೂ.

ಅವಳು ಉಸಿರೆಳೆದುಕೊಂಡಳು. ನಾನು ಬೆರಳಿಟ್ಟೆ. ಅವಳು ಹಾಡಲಿಲ್ಲ. ಮೈಕಿಗೆ ಬಾಗಿ, “ಇನ್ನಾಗೂದಿಲ್ಲ. ಕ್ಷಮಿಸ್ಬೇಕು,” ಅಂದಳು. ಆ ಶಬ್ದಗಳು ಮುಂದಿನ ಸಾಲಿನವರಿಗಾದರೂ ಕೇಳಿಸಿದವೋ ಇಲ್ಲವೋ. ಮೈಕನ್ನು ಕಂಬಕ್ಕೆ ಸಿಕ್ಕಿಸಿ, ತಂತಿ ಕಾಲಿಗೆ ತೊಡರದಂತೆ ಜಾಗ್ರತೆಯಾಗಿ ದಾಟಿ ವೇದಿಕೆಯ ಹಿಂದಕ್ಕೆ ಹೋದಳು.

ಅವಳಿಗಾಗಿ ಹಿಡಿದಿದ್ದ ಸ್ವರಗುಚ್ಛ ನನ್ನ ಬೆರಳುಗಳ ಕೆಳಗೆ ಹಾಗೇ ಇತ್ತು. ಸಿಂಥಸೈಜರಿನ ಆ ಸದ್ದು ಪಿಯಾನೋದ ಹಾಗೆ ತಾನಾಗಿ ಕ್ಷೀಣಿಸುವುದಿಲ್ಲ, ಬೆರಳು ಎತ್ತುವವರೆಗೂ ಇರುತ್ತದೆ. ಎಲ್ಲಿ ಎತ್ತಬೇಕೆಂದು ನನಗೆ ತಿಳಿಯಲಿಲ್ಲ. ಅಷ್ಟು ತಿಂಗಳಲ್ಲಿ ನಾನು ಕಲಿತದ್ದು ಅವಳು ಮುಗಿಸಿದ ಮೇಲೆ ಮುಗಿಸುವುದನ್ನು. ಅವಳು ಮುಗಿಸಿರಲಿಲ್ಲ. ಜನ ಮೊದಲು ಕಾದರು, ಆಮೇಲೆ ಎದ್ದರು, ಗುಂಪುಗುಂಪಾಗಿ ಮಾತಾಡುತ್ತಾ ಬಾಗಿಲ ಕಡೆ ನಡೆದರು. ಸೌಂಡಿನವರು ವೇದಿಕೆಯ ಅಂಚಿಗೆ ಬಂದು ಕೇಳಿದರು: “ಮೇಡಂ, ಬಂದ್ ಮಾಡ್ಲಾ?”

ಮಾಡಿ ಎಂದೆ. ಅವರು ತಮ್ಮ ಮೇಜಿಗೆ ಹೋಗಿ ನಿಧಾನವಾಗಿ ಸದ್ದು ಇಳಿಸಿದರು. ಸ್ಪೀಕರುಗಳು ಸುಮ್ಮನಾದ ಮೇಲೂ ನಾನು ಸ್ವಲ್ಪ ಹೊತ್ತು ಬೆರಳು ಎತ್ತಲಿಲ್ಲ.

ಹಿಂದಿನ ಕೋಣೆಯಲ್ಲಿ ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಿದ್ದಳು. ಪಕ್ಕದಲ್ಲಿ ಕೂತೆ. ಪಿಸುದನಿಯಲ್ಲಿ ಕೇಳಿದಳು: “ಅಷ್ಟೊತ್ತು ಎಂತಕ್ಕೆ ಹಿಡ್ಕಂಡಿದ್ದೆ?”

“ಗೊತ್ತಿಲ್ಲ.”

ಅವಳು ಲೋಟದಲ್ಲಿ ಉಳಿದ ನೀರು ಕುಡಿದು ಮುಚ್ಚಳ ತಿರುಗಿಸಿದಳು. “ಇಲ್ಲಿಂದ ಕೇಳೂಕೆ ಚೆಂದ ಇತ್ತು,” ಅಂದಳು.

ಅದಾದ ಮೇಲೆ ಅವಳು ಹಾಡಿ ನಾನು ನುಡಿಸಿದ್ದಿಲ್ಲ.